ಕುಚ್ಚಲಕ್ಕಿಯ ಮನೆಗೆ ಎಂಥ ರೈಸ್ ಕುಕ್ಕರ್?

ಉಡುಪಿಯ ಅಂಬಲಪಾಡಿಯಲ್ಲಿ ಅಮ್ಮ ಮತ್ತು ಚಿಕ್ಕಮ್ಮ ಇಬ್ಬರಿರುವ ಮನೆಗಾಗಿ, ಮಂಗಳೂರಿನ ಬಿಜೈಯಲ್ಲಿ ನಾವಿಬ್ಬರಿರುವ ಮನೆಗಾಗಿ, ನಾಲ್ಕು ವರ್ಷಗಳಲ್ಲಿ ಒಟ್ಟು ಮೂರು ವಿದ್ಯುತ್ ರೈಸ್ ಕುಕ್ಕರ್‌ಗಳನ್ನು ಕೊಂಡಿದ್ದೇನೆ. ಮೊದಲನೆಯದು ಮೂರೇ ತಿಂಗಳಲ್ಲಿ ಕೆಟ್ಟಿತು. ಎರಡನೆಯದು ಬೆಳ್ತಿಗೆ (ಕುಚ್ಚಲು ಮಾಡದ ಬಿಳಿ ಅಕ್ಕಿಯ) ಅನ್ನಕ್ಕೆ ಮಾತ್ರ ಎಂದು ನಮ್ಮ ಮನೆಯಲ್ಲಿ ಉಳಿದಿದೆ. ಮೂರನೆಯದು ಅಮ್ಮನ ಅಡುಗೆಮನೆಯಲ್ಲಿ ಒಂದೂವರೆ ವರ್ಷದಿಂದ ದಿನವೂ ಕುಚ್ಚಲಕ್ಕಿ ಬೇಯಿಸುತ್ತಿದೆ. ಈ ಮೂರನ್ನೂ ಬಳಸಿದ ಮೇಲೆ ನನಗೆ ಮನದಟ್ಟಾದದ್ದು ಇಷ್ಟು: ಕುಕ್ಕರ್ ಆರಿಸುವಾಗ ಮನೆಯಲ್ಲಿ ಎಷ್ಟು ಜನ ಎಂದು ಕೇಳುವುದಕ್ಕಿಂತ ಮೊದಲು ಮನೆಯಲ್ಲಿ ಯಾವ ಅಕ್ಕಿ ಎಂದು ಕೇಳಿಕೊಳ್ಳಬೇಕು. ಅಂಗಡಿಯಲ್ಲಿ ನನ್ನನ್ನು ಯಾರೂ ಅದನ್ನು ಕೇಳಲಿಲ್ಲ. ಡಬ್ಬದ ಮೇಲೆಯೂ ಅದಕ್ಕೆ ಉತ್ತರವಿರಲಿಲ್ಲ.

ಇದಕ್ಕೆ ಕಾರಣ ಯಂತ್ರದ ಒಳಗೇ ಇದೆ. ಒಂದೇ ಗುಂಡಿಯ ಸಾದಾ ಕುಕ್ಕರ್‌ನ ಒಳಪಾತ್ರೆಯನ್ನು ಎತ್ತಿದರೆ ಕೆಳಗೆ ಬಿಸಿಯಾಗುವ ತಟ್ಟೆಯೂ ಅದರ ನಡುಮಧ್ಯದಲ್ಲಿ ಸ್ಪ್ರಿಂಗಿನ ಮೇಲೆ ಕುಳಿತ ಒಂದು ದುಂಡು ಬಿಲ್ಲೆಯೂ ಕಾಣುತ್ತವೆ. ಪಾತ್ರೆಯಲ್ಲಿ ನೀರು ಇರುವವರೆಗೆ ಅದರ ತಳದ ಬಿಸಿ 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ನಿಲ್ಲುತ್ತದೆ, ಏಕೆಂದರೆ ಬರುವ ಶಾಖವೆಲ್ಲ ನೀರನ್ನು ಹಬೆ ಮಾಡುವುದರಲ್ಲೇ ಖರ್ಚಾಗುತ್ತದೆ. ಅಕ್ಕಿ ನೀರನ್ನೆಲ್ಲ ಹೀರಿಕೊಂಡ ಮೇಲೆ ತಳದ ಬಿಸಿ ನೂರನ್ನು ದಾಟಿ ಏರುತ್ತದೆ. ಹಾಗೆ ಕೆಲವೇ ಡಿಗ್ರಿ ಏರುತ್ತಲೇ ಬಿಲ್ಲೆಯೊಳಗಿನ ಲೋಹ ಅಯಸ್ಕಾಂತಕ್ಕೆ ಅಂಟಿಕೊಳ್ಳುವ ಗುಣವನ್ನು ಕಳೆದುಕೊಳ್ಳುತ್ತದೆ, ಸ್ಪ್ರಿಂಗು ಎರಡನ್ನೂ ಬೇರ್ಪಡಿಸುತ್ತದೆ, ಗುಂಡಿ ಟಕ್ಕೆಂದು ಮೇಲೇಳುತ್ತದೆ, ಅಡುಗೆಯ ದೀಪ ಆರಿ ಬೆಚ್ಚಗಿಡುವ ದೀಪ ಹೊತ್ತಿಕೊಳ್ಳುತ್ತದೆ. ಒಳಗೆ ಗಡಿಯಾರವಿಲ್ಲ, ಅನ್ನ ಬೆಂದಿದೆಯೇ ಎಂದು ನೋಡುವ ಸಾಧನವೂ ಇಲ್ಲ. ಈ ಯಂತ್ರಕ್ಕೆ ಗೊತ್ತಾಗುವುದು ನೀರು ಮುಗಿಯಿತು ಎಂಬ ಒಂದೇ ಸಂಗತಿ.

ಜಪಾನಿನ ತೋಷಿಬಾ ಕಂಪನಿ 1955ರಲ್ಲಿ ಮಾರುಕಟ್ಟೆಗೆ ತಂದ ಸ್ವಯಂಚಾಲಿತ ಕುಕ್ಕರ್ ಕೂಡ ಇದೇ ತತ್ವದ್ದು. ಆಗ ಎರಡು ಪಾತ್ರೆಗಳಿದ್ದವು. ಹೊರಗಿನ ಪಾತ್ರೆಗೆ ಅಳೆದು ಹಾಕಿದ ನೀರು ಸುಮಾರು 20 ನಿಮಿಷಗಳಲ್ಲಿ ಆವಿಯಾಗಿ ಮುಗಿದಾಗ ಬಿಸಿ ಏರಿ, ಎರಡು ಲೋಹಗಳನ್ನು ಬೆಸೆದ ಪಟ್ಟಿ ಬಾಗಿ ಸ್ವಿಚ್ ಆರುತ್ತಿತ್ತು. ಅದನ್ನು ರೂಪಿಸಿದ ಯೋಶಿತಾದ ಮಿನಾಮಿ ಅವರ ಪತ್ನಿ ಫುಮಿಕೊ ಅವರು ಮತ್ತೆ ಮತ್ತೆ ಅನ್ನ ಬೇಯಿಸಿ ಪರೀಕ್ಷಿಸಿದ ಫಲವಾಗಿ ಆ ಸಮಯದ ಲೆಕ್ಕ ಖಚಿತವಾಯಿತು. ಅವರು ಬೇಯಿಸಿದ್ದು ಅಳತೆಯ ನೀರನ್ನು ಪೂರ್ತಿಯಾಗಿ ಹೀರಿಕೊಂಡು ಮೆತ್ತಗಾಗುವ ಜಪಾನಿನ ಬಿಳಿ ಅಕ್ಕಿಯನ್ನು. ಅದರ ಅನ್ನವನ್ನು ಬಸಿಯುವುದಿಲ್ಲ.

ನಮ್ಮ ಕುಚ್ಚಲಕ್ಕಿ ಇದಕ್ಕೆ ನೇರ ವಿರುದ್ಧ. ಭತ್ತವನ್ನು ನೆನೆಸಿ, ಸಿಪ್ಪೆಯೊಡನೆಯೇ ಬೇಯಿಸಿ, ಒಣಗಿಸಿ, ಆಮೇಲೆ ಅಕ್ಕಿ ಮಾಡಿದ್ದರಿಂದ ಅದರೊಳಗಿನ ಪಿಷ್ಟ ಒಮ್ಮೆ ಬೆಂದು ಮತ್ತೆ ಗಟ್ಟಿಯಾಗಿರುತ್ತದೆ. ಮೇಲೆ ಕೆಂಪು ತೌಡಿನ ಪದರವೂ ಉಳಿದಿದ್ದರೆ ನೀರು ಒಳಗಿಳಿಯುವುದು ಇನ್ನೂ ನಿಧಾನವಾಗುತ್ತದೆ. ಕರಾವಳಿಯ ಗದ್ದೆಗಳಲ್ಲಿ ಬಹುಕಾಲದಿಂದ ಬೆಳೆಯುತ್ತಿರುವ ಎಂಒ-4 ತಳಿಯ ದಪ್ಪ ಕೆಂಪಕ್ಕಿಯನ್ನು ತೆರೆದ ಪಾತ್ರೆಯಲ್ಲಿ ಬೇಯಿಸಿದರೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಅಕ್ಕಿಯ ನಾಲ್ಕೈದು ಪಟ್ಟು ನೀರು ಇಟ್ಟು, ಅಗುಳು ಅರಳುವವರೆಗೆ ಕುದಿಸಿ, ಉಳಿದ ಗಂಜಿನೀರನ್ನು ಬಸಿಯುವುದು ನಮ್ಮ ಕ್ರಮ. ಹಾಗೆಂದರೆ ಕುಚ್ಚಲಕ್ಕಿ ಬೇಯುವಷ್ಟು ಹೊತ್ತೂ ಪಾತ್ರೆಯಲ್ಲಿ ನೀರು ಮುಗಿಯಬಾರದು. ನೀರು ಮುಗಿಯುವುದನ್ನೇ ಕಾಯುವ ಯಂತ್ರಕ್ಕೆ ನೀರು ಮುಗಿಯದ ಅಡುಗೆಯನ್ನು ಒಪ್ಪಿಸಿದರೆ ಅದು ತನ್ನಷ್ಟಕ್ಕೆ ಎಂದೂ ಆರುವುದಿಲ್ಲ. ಅದರ ಹೀಟರ್‌ಗೆ ಉರಿ ಸಣ್ಣದು ಮಾಡುವುದೂ ಗೊತ್ತಿಲ್ಲ. ಕುದಿ ಬಂದ ಮೇಲೂ ಪೂರ್ಣ ಶಕ್ತಿಯಲ್ಲೇ ಕುದಿಸುತ್ತದೆ, ನೊರೆ ಮುಚ್ಚಳವನ್ನು ಎತ್ತಿಕೊಂಡು ಹೊರಗೆ ಸುರಿಯುತ್ತದೆ.

ನನ್ನ ಮೊದಲ ಕುಕ್ಕರ್ ಕೆಟ್ಟದ್ದು ಹೀಗೆಯೇ. ಆನ್‌ಲೈನಿನಲ್ಲಿ ಕಂಡ, ಡಬ್ಬದ ಮೇಲೆ 1 ಲೀಟರ್ ಎಂದು ಬರೆದಿದ್ದ, ನೋಡಲು ಮುದ್ದಾದ ಒಂದು ಪುಟ್ಟ ಕುಕ್ಕರನ್ನು ಅಂಬಲಪಾಡಿಗೆ ತರಿಸಿದ್ದೆ. ಅಮ್ಮ ತಮ್ಮ ಎಂದಿನ ಅಂದಾಜಿನಲ್ಲಿ ಅಕ್ಕಿ ತೊಳೆದು ನೀರಿಟ್ಟರು. ಕುದಿ ಬಂದ ಐದು ನಿಮಿಷಕ್ಕೆ ಗಂಜಿನೀರು ಪಾತ್ರೆಯ ಅಂಚಿನಿಂದ ಕೆಳಗಿಳಿದು ಹೀಟರ್ ತಟ್ಟೆಯನ್ನು ಸೇರಿತು. ಒರೆಸಿ, ಒಣಗಿಸಿ, ನೀರು ಕಡಿಮೆ ಮಾಡಿ ಮತ್ತೆ ಬಳಸಿದರು. ನೀರು ಕಡಿಮೆಯಾದಾಗ ಅನ್ನ ಗಟ್ಟಿ, ಹೆಚ್ಚಾದಾಗ ಉಕ್ಕು. ಮೂರು ತಿಂಗಳ ಇಂಥ ಹೆಣಗಾಟದ ಕೊನೆಗೆ ಒಂದು ದಿನ ದೀಪವೇ ಹೊತ್ತಲಿಲ್ಲ. ಒಳಗಿನ ಥರ್ಮಲ್ ಫ್ಯೂಸ್ ಹೋಗಿತ್ತು. ಒಣಗಿದ ಗಂಜಿಯ ಪೊರೆ ತಟ್ಟೆ ಮತ್ತು ಪಾತ್ರೆಯ ನಡುವೆ ಕುಳಿತರೆ ಶಾಖ ಪಾತ್ರೆಗೆ ಸರಿಯಾಗಿ ದಾಟದೆ ತಟ್ಟೆಯೇ ಮಿತಿಮೀರಿ ಕಾಯುತ್ತದೆ, ಆಗ ಮನೆಗೆ ಅಪಾಯವಾಗದಿರಲೆಂದು ಆ ಫ್ಯೂಸ್ ತಾನು ಸುಟ್ಟು ವಿದ್ಯುತ್ತನ್ನು ಕಡಿಯುತ್ತದೆ. ದುರಸ್ತಿಗೆ ಒಯ್ದಲ್ಲಿ, ಫ್ಯೂಸ್ ಸಿಗುವುದಿಲ್ಲ, ಆ ಜಾಗಕ್ಕೆ ಒಂದು ತಂತಿ ಹಾಕಿ ಸರಿಮಾಡಿಕೊಡುತ್ತೇನೆ ಎಂದರು. ನಾನು ಒಪ್ಪದೆ ಹಿಂದಕ್ಕೆ ತಂದೆ. ಇದನ್ನು ಓದುವ ಯಾರೂ ಅದಕ್ಕೆ ಒಪ್ಪಬಾರದೆಂದು ಒತ್ತಿ ಹೇಳುತ್ತೇನೆ, ಏಕೆಂದರೆ ಆ ಪುಟ್ಟ ಫ್ಯೂಸನ್ನು ತೆಗೆದ ಕುಕ್ಕರಿನಲ್ಲಿ ಮುಂದಿನ ಸಲ ಮಿತಿಮೀರಿ ಕಾದಾಗ ತಡೆಯುವುದು ಏನೂ ಇರುವುದಿಲ್ಲ.

ಆ ಕುಕ್ಕರನ್ನು ಮೂಲೆಗಿಡುವ ಮುನ್ನ ಅದರ ಪಾತ್ರೆಗೆ ಅಂಚಿನವರೆಗೆ ನೀರು ತುಂಬಿ ಅಳೆದು ನೋಡಿದೆ. ಹಿಡಿದದ್ದು ಸರಿಯಾಗಿ ಒಂದು ಲೀಟರ್. ಆಮೇಲೆ ಮಂಗಳೂರಿನ ಹಂಪನಕಟ್ಟೆಯ ಅಂಗಡಿಯೊಂದರಲ್ಲಿ ಎರಡನೆಯದನ್ನು ಕೊಂಡಾಗ ಅದರ ಮೇಲೂ 1 ಲೀಟರ್ ಎಂದೇ ಇತ್ತು, ಆದರೆ ಆ ಪಾತ್ರೆ ಅಂಚಿನವರೆಗೆ ಎರಡು ಲೀಟರಿಗೂ ತುಸು ಹೆಚ್ಚು ನೀರು ಹಿಡಿಯಿತು. ಲೀಟರ್ ಎಂಬ ಒಂದೇ ಮಾತಿಗೆ ಇಲ್ಲಿ ಎರಡು ಅರ್ಥಗಳಿವೆ. ಕೆಲವರು ಪಾತ್ರೆಯ ಒಟ್ಟು ಗಾತ್ರವನ್ನು ಬರೆಯುತ್ತಾರೆ, ಕೆಲವರು ಅದರಲ್ಲಿ ಹಾಕಬಹುದಾದ ಅಕ್ಕಿಯ ಗಾತ್ರವನ್ನು ಬರೆಯುತ್ತಾರೆ. ಎರಡನೆಯ ಪದ್ಧತಿಯ ಮೂಲ ಜಪಾನಿನದು. ನಮ್ಮ ಹಿರಿಯರಿಗೆ ಪಾವು, ಸೇರು ಇದ್ದಂತೆ ಅವರಿಗೆ ‘ಗೋ’ ಎಂಬ ಅಳತೆ ಇದೆ. ಅದು 180 ಮಿಲಿಲೀಟರ್, ಅವರ ಅಕ್ಕಿಯ ಲೆಕ್ಕದಲ್ಲಿ ಸುಮಾರು 150 ಗ್ರಾಂ. ಹತ್ತು ಗೋ ಸೇರಿದರೆ ಒಂದು ‘ಶೋ’, ಅಂದರೆ 1.8 ಲೀಟರ್. ನಮ್ಮ ಅಂಗಡಿಗಳಲ್ಲಿ ಸಾಲಾಗಿ ಕಾಣುವ 1.8 ಎಂಬ ವಿಚಿತ್ರ ಅಂಕಿಯೂ, ಡಬ್ಬದೊಳಗಿನ ಪ್ಲಾಸ್ಟಿಕ್ ಅಳತೆ ಲೋಟ ನಮ್ಮ ಮನೆಯ ಲೋಟಕ್ಕಿಂತ ಚಿಕ್ಕದಾಗಿ ತೋರುವುದೂ ಇದರಿಂದಲೇ.

ಹಂಪನಕಟ್ಟೆಯಲ್ಲಿ ನಾನು ಸಂದೇಹದಿಂದ ನಿಂತಾಗ ಅಂಗಡಿಯವರು, “ಇಬ್ಬರಿಗೆ ಇದು ಧಾರಾಳ ಸಾಕು ಮಾರಾಯ್ರೆ, ದೊಡ್ಡದು ಕೊಂಡರೆ ಕರೆಂಟು ದಂಡ” ಎಂದಿದ್ದರು. ಬೆಳ್ತಿಗೆ ಉಣ್ಣುವ ಇಬ್ಬರಿಗೆ ಅವರ ಮಾತು ಅಕ್ಷರಶಃ ನಿಜ. ಕುಚ್ಚಲಕ್ಕಿ ಉಣ್ಣುವ ಇಬ್ಬರಿಗೆ ಅದು ಸಲ್ಲುವುದಿಲ್ಲ ಎಂಬುದನ್ನು ಲೆಕ್ಕ ಹಾಕಿಯೇ ತೋರಿಸಬಹುದು. ಮಧ್ಯಾಹ್ನ ಮತ್ತು ರಾತ್ರಿ ಎರಡೂ ಹೊತ್ತಿಗೆಂದು ಎರಡು ಅಳತೆ ಲೋಟ ಅಕ್ಕಿ ಹಾಕಿದರೆ 360 ಮಿಲಿಲೀಟರ್. ಅದಕ್ಕೆ ಐದು ಪಟ್ಟು ನೀರೆಂದರೆ 1.8 ಲೀಟರ್, ಎರಡೂ ಸೇರಿ ಎರಡು ಲೀಟರನ್ನು ದಾಟುತ್ತದೆ. ನೊರೆ ಏಳುವುದಕ್ಕೆ ಮೇಲೆ ಮೂರನೆಯ ಒಂದು ಪಾಲಾದರೂ ಖಾಲಿ ಬಿಡಬೇಕು. ಅಲ್ಲಿಗೆ ಬೇಕಾದದ್ದು ಒಟ್ಟು ಮೂರು ಲೀಟರಿಗಿಂತ ಹೆಚ್ಚು ಹಿಡಿಯುವ ಪಾತ್ರೆ, ಅಂದರೆ ಅಕ್ಕಿಯ ಗಾತ್ರವನ್ನು ಬರೆಯುವ ಕಂಪನಿಗಳಲ್ಲಿ 1.8 ಲೀಟರಿನದು. ಹಾಗಾಗಿ ನಮ್ಮ ಕಡೆಯಲ್ಲಿ ಇಬ್ಬರು ಮೂವರಿರುವ ಮನೆಗೆ ಸಣ್ಣ ಕುಕ್ಕರ್ ಎಂದರೆ 1.8 ಲೀಟರಿನದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಡಬ್ಬದ ಅಂಕಿಯನ್ನು ನಂಬದೆ ಅಂಗಡಿಯಲ್ಲೇ ಒಂದು ಲೀಟರಿನ ನೀರಿನ ಬಾಟಲಿಯಿಂದ ಒಳಪಾತ್ರೆಯನ್ನು ತುಂಬಿ ನೋಡಬೇಕು. ಉಡುಪಿಯಲ್ಲಿ ಮೂರನೆಯದನ್ನು ಕೊಳ್ಳುವಾಗ ನಾನು ಹಾಗೆ ಕೇಳಿದೆ. ಅಂಗಡಿಯವರು ಸ್ವಲ್ಪವೂ ಬೇಸರಿಸದೆ ನೀರು ತಂದುಕೊಟ್ಟರು. ನಾಲ್ಕು ಬಾಟಲಿ ನೀರು ಹೆಚ್ಚುಕಡಿಮೆ ಪೂರ್ತಿ ಹಿಡಿಯಿತು.

ಗಾತ್ರದ ಜೊತೆಗೆ ನೋಡಬೇಕಾದದ್ದು ವಾಟ್. 1 ಲೀಟರಿನವು ಹೆಚ್ಚಾಗಿ 400 ವಾಟ್‌ನ ಆಸುಪಾಸಿನಲ್ಲಿ, 1.8 ಲೀಟರಿನವು 550ರಿಂದ 700 ವಾಟ್‌ಗಳಲ್ಲಿ ಬರುತ್ತವೆ. ಮೇಲೆ ಹೇಳಿದ ಎರಡು ಲೋಟ ಕುಚ್ಚಲಕ್ಕಿಯ ಪಾತ್ರೆಗೆ ಕುದಿ ಬರಲು 700 ವಾಟ್‌ನಲ್ಲಿ ಸುಮಾರು 20 ನಿಮಿಷ ಸಾಕಾದರೆ 400 ವಾಟ್‌ನಲ್ಲಿ 35 ನಿಮಿಷ ಬೇಕು. ಕಡಿಮೆ ವಾಟ್ ಎಂದರೆ ಕರೆಂಟಿನ ಉಳಿತಾಯ ಎಂದು ಭಾವಿಸುವವರು ಇದನ್ನು ಗಮನಿಸಬೇಕು: ಅಷ್ಟೇ ನೀರನ್ನು ಕುದಿಸಲು ಅಷ್ಟೇ ಶಾಖ ಬೇಕು, ನಿಧಾನವಾದರೆ ಆ ಹೊತ್ತಿನಲ್ಲಿ ಗಾಳಿಗೆ ಸೋರುವ ಶಾಖವೂ ಸೇರಿ ಖರ್ಚು ತುಸು ಹೆಚ್ಚೇ ಆಗುತ್ತದೆ. ಹಳ್ಳಿಯ ಕಡೆ ಸಂಜೆ ವೋಲ್ಟೇಜ್ ಇಳಿಯುವ ಮನೆಗಳಲ್ಲಿ ಇನ್ನೊಂದು ತೊಡಕಿದೆ. ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ ಹೀಟರಿನ ಶಕ್ತಿ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ಅದರ ವರ್ಗದ ಪ್ರಮಾಣದಲ್ಲಿ ಇಳಿಯುತ್ತದೆ. 700 ವಾಟ್‌ನ ಕುಕ್ಕರ್ 430 ವಾಟ್‌ನದಾಗುತ್ತದೆ, 400ರದು 245ಕ್ಕೆ ಕುಸಿಯುತ್ತದೆ. ಅಂಥ ಮನೆಗೆ 400 ವಾಟ್‌ನದನ್ನು ಕೊಳ್ಳಲೇಬಾರದು. 700 ವಾಟ್ ಎಂದರೆ ಎಳೆಯುವ ಕರೆಂಟು ಸುಮಾರು 3 ಆಂಪಿಯರ್ ಮಾತ್ರವಾದ್ದರಿಂದ ಮಾಮೂಲಿ 6 ಆಂಪಿಯರ್‌ನ ಪ್ಲಗ್ ಸಾಕು, ಆದರೆ ಮೂರು ಪಿನ್ನಿನ ಅರ್ಥಿಂಗ್ ಇರುವ ಪ್ಲಗ್ಗೇ ಆಗಿರಬೇಕು, ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಬೇಡ.

ಈಗ ಅಂಬಲಪಾಡಿಯಲ್ಲಿ ಬಳಸುವ ಕ್ರಮವನ್ನು ಹೇಳುತ್ತೇನೆ, ಏಕೆಂದರೆ ಕುಕ್ಕರಿನೊಂದಿಗೆ ಬರುವ ಪುಸ್ತಿಕೆಯಲ್ಲಿ ಕುಚ್ಚಲಕ್ಕಿಯ ಹೆಸರೇ ಇಲ್ಲ. ಅಮ್ಮ ಅಕ್ಕಿಯನ್ನು ರಾತ್ರಿಯೇ ತೊಳೆದು ನೆನೆಸುತ್ತಾರೆ. ಬೆಳಿಗ್ಗೆ ಐದು ಪಟ್ಟು ನೀರಿಟ್ಟು ಗುಂಡಿ ಒತ್ತಿ, ಕುದಿ ಬಂದ ಮೇಲೆ ಮುಚ್ಚಳವನ್ನು ತುಸು ಓರೆ ಮಾಡಿ ಹತ್ತು ನಿಮಿಷ ಕುದಿಯಲು ಬಿಡುತ್ತಾರೆ. ಅನಂತರ ಗುಂಡಿಯನ್ನು ಕೈಯಿಂದಲೇ ಮೇಲೆತ್ತಿ, ಮುಚ್ಚಳ ಭದ್ರ ಮಾಡಿ, ಅರ್ಧ ಗಂಟೆ ಹಾಗೇ ಇಡುತ್ತಾರೆ. ಈ ಅರ್ಧ ಗಂಟೆಯಲ್ಲಿ ಕುದಿಯಿಲ್ಲದಿದ್ದರೂ ನೀರು ಬಹಳ ಬಿಸಿಯಾಗಿಯೇ ಇರುವುದರಿಂದ ಅಕ್ಕಿಯ ನಡುವಿನವರೆಗೂ ನೀರಿಳಿದು ಅಗುಳು ಉಬ್ಬುತ್ತದೆ, ಹಬೆಯಾಗಿ ನೀರು ಪೋಲಾಗುವುದಿಲ್ಲ, ಉಕ್ಕುವ ಭಯವೂ ಇಲ್ಲ. ಆಮೇಲೆ ಮತ್ತೆ ಗುಂಡಿ ಒತ್ತಿ ಹದಿನೈದು ನಿಮಿಷ. ಅಷ್ಟರಲ್ಲಿ ಅಗುಳು ಅರಳಿರುತ್ತದೆ, ಒತ್ತಿ ನೋಡಿದರೆ ನಡುವೆ ಬಿಳಿಯ ಗಟ್ಟಿ ಉಳಿದಿರುವುದಿಲ್ಲ. ಒಟ್ಟಾರೆ ಹೀಟರ್ ಉರಿಯುವುದು ಮುಕ್ಕಾಲು ಗಂಟೆ, ಖರ್ಚಾಗುವ ವಿದ್ಯುತ್ತು ಅರ್ಧ ಯೂನಿಟ್‌ಗಿಂತ ಸ್ವಲ್ಪ ಹೆಚ್ಚು. ಹೀಗೆ ಮಾಡಿದಾಗ ಅನ್ನ ಒಲೆಯ ಮೇಲಿನ ಪಾತ್ರೆಯ ಅನ್ನಕ್ಕೆ ತೀರ ಹತ್ತಿರ ಬರುತ್ತದೆ ಎಂದು ಚಿಕ್ಕಮ್ಮ ಹೇಳುತ್ತಾರೆ. ಅವರು ಅನ್ನದ ವಿಷಯದಲ್ಲಿ ಸುಲಭಕ್ಕೆ ಒಪ್ಪುವವರಲ್ಲ.

ಬಸಿಯದೆ, ಅಳತೆಯ ನೀರಿಟ್ಟು, ಗುಂಡಿ ತಾನಾಗಿ ಏಳುವಂತೆಯೂ ಕುಚ್ಚಲಕ್ಕಿ ಬೇಯಿಸಬಹುದು. ಎಂಟು ಗಂಟೆ ನೆನೆಸಿ ಮೂರೂವರೆ ಪಟ್ಟು ನೀರಿಟ್ಟರೆ ನಮ್ಮಲ್ಲಿ ಅದು ಬೆಂದಿದೆ. ಆದರೆ ಬಸಿದು ಹೋಗಬೇಕಾದ ಗಂಜಿಯೆಲ್ಲ ಅನ್ನದಲ್ಲೇ ಉಳಿದು ಅಗುಳುಗಳು ಒಂದಕ್ಕೊಂದು ಹತ್ತಿಕೊಳ್ಳುತ್ತವೆ, ತಳದಲ್ಲಿ ತೆಳುವಾದ ಕಂದು ಪದರವೊಂದು ಹಿಡಿಯುತ್ತದೆ. ಸಾರು ಕಲಸಿ ಉಣ್ಣುವಾಗ ಆ ವ್ಯತ್ಯಾಸ ನಾಲಗೆಗೆ ತಕ್ಷಣ ತಿಳಿಯುತ್ತದೆ. ಕೆಲಸಕ್ಕೆ ಹೊರಡುವ ಅವಸರದಲ್ಲಿ ಬಸಿಯಲು ಪುರಸೊತ್ತಿಲ್ಲದವರಿಗೆ ಇದು ಪರವಾಗಿಲ್ಲ ಎನ್ನಬಹುದೇ ಹೊರತು ನಾನು ಶಿಫಾರಸು ಮಾಡಲಾರೆ.

ಬಸಿಯುವುದೇ ಈ ಪಾತ್ರೆಗಳ ನಿಜವಾದ ಕಷ್ಟ. ಬಸಿಯುವುದೆಂಬ ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡು ಇವನ್ನು ಮಾಡಿಯೇ ಇಲ್ಲ. ಒಳಪಾತ್ರೆಯ ಅಂಚು ತೆಳ್ಳಗೆ, ಮುಚ್ಚಳ ಗಾಜಿನದು, ಹಲವು ಪಾತ್ರೆಗಳಿಗೆ ಹಿಡಿಯೇ ಇಲ್ಲ. ಕುದಿಯುವ ಗಂಜಿ ತುಂಬಿದ ಎರಡು ಮೂರು ಕಿಲೋ ಭಾರವನ್ನು ಬಟ್ಟೆ ಸುತ್ತಿ ಎತ್ತಿ ಬಾಗಿಸುವುದು ಎಪ್ಪತ್ತು ದಾಟಿದ ಕೈಗಳಿಗೆ ಹೇಳಿಸಿದ ಕೆಲಸವಲ್ಲ. ಆದ್ದರಿಂದ ಒಳಪಾತ್ರೆಗೇ ಎರಡು ಬದಿ ಹಿಡಿಗಳಿರುವುದನ್ನು ಹುಡುಕಿ ಕೊಂಡೆ. ಅದಾದ ಮೇಲೂ ಅಮ್ಮ ಪಾತ್ರೆಯನ್ನು ಎತ್ತುವುದಿಲ್ಲ. ತೂತಿನ ದೊಡ್ಡ ಸೌಟಿನಿಂದ ಅನ್ನವನ್ನು ಮೇಲೆತ್ತಿ, ಅಂಚಿಗೆ ಹಿಡಿದು ನೀರಿಳಿಸಿ, ಬೇರೆ ಪಾತ್ರೆಗೆ ತೆಗೆಯುತ್ತಾರೆ. ಗಂಜಿನೀರು ಕುಕ್ಕರಿನಲ್ಲೇ ಉಳಿಯುತ್ತದೆ. ಇದನ್ನು ಅವರೇ ಕಂಡುಕೊಂಡದ್ದು, ನನಗೆ ಹೊಳೆದಿರಲಿಲ್ಲ. ರಾತ್ರಿಗೆ ಆ ಗಂಜಿನೀರಿಗೇ ಒಂದಿಷ್ಟು ಅನ್ನ ಬಿಟ್ಟು, ಉಪ್ಪು ಹಾಕಿ, ಮಾವಿನ ಮಿಡಿ ಉಪ್ಪಿನಕಾಯಿಯೊಡನೆ ಉಣ್ಣುತ್ತಾರೆ. ನಿಜಕ್ಕೂ ಕುಕ್ಕರ್ ಯಾವ ತಕರಾರೂ ಇಲ್ಲದೆ ಮಾಡುವ ಕರಾವಳಿಯ ಅಡುಗೆ ಎಂದರೆ ಗಂಜಿ. ಬಸಿಯುವ ಕೆಲಸವೇ ಇಲ್ಲ, ತಳ ಹಿಡಿಯುವಷ್ಟು ನೀರು ಕಡಿಮೆಯೂ ಆಗುವುದಿಲ್ಲ. ಜ್ವರ ಬಂದ ದಿನ ಒಬ್ಬರೇ ಇರುವವರು ಇದೊಂದಕ್ಕಾಗಿ ಕುಕ್ಕರ್ ಕೊಂಡರೂ ಅದು ದಂಡವಲ್ಲ.

ಪಾತ್ರೆಯ ಲೋಹದ ಬಗ್ಗೆ ಅಂಗಡಿಯಲ್ಲಿ ಹೆಚ್ಚು ಮಾತು ಕೇಳಬೇಕಾಗುತ್ತದೆ. ಸಾದಾ ಅಲ್ಯೂಮಿನಿಯಂ ಅಥವಾ ಆನೊಡೈಸ್ ಮಾಡಿದ ಅಲ್ಯೂಮಿನಿಯಂ ಪಾತ್ರೆ ಶಾಖವನ್ನು ಬೇಗ ಮತ್ತು ಸಮನಾಗಿ ಹರಡುತ್ತದೆ. ಸ್ಟೀಲಿನದು ನೋಡಲು ಚೆಂದ, ತೊಳೆಯಲು ಸುಲಭ, ಆದರೆ ಶಾಖವನ್ನು ಬದಿಗೆ ಹರಡುವುದರಲ್ಲಿ ಹಿಂದೆ. ತೆಳುವಾದ ಸ್ಟೀಲ್ ಪಾತ್ರೆಯಲ್ಲಿ ಬೆಳ್ತಿಗೆ ಅನ್ನ ತಳ ಹಿಡಿಯುವುದು ಹೆಚ್ಚು. ಹುಳಿ, ಟೊಮೆಟೊ ಹಾಕಿದ ಅಡುಗೆಯನ್ನೂ ಕುಕ್ಕರಿನಲ್ಲೇ ಮಾಡುವವರು ಸ್ಟೀಲ್ ಆರಿಸಬಹುದು, ಏಕೆಂದರೆ ಹುಳಿಗೆ ಸಾದಾ ಅಲ್ಯೂಮಿನಿಯಂ ಒಗ್ಗುವುದಿಲ್ಲ. ನಾನ್‌ಸ್ಟಿಕ್ ಲೇಪನದ್ದು ಅನ್ನವನ್ನು ಸುಲಭವಾಗಿ ಬಿಡುತ್ತದೆ, ಆದರೆ ಸ್ಟೀಲ್ ಸೌಟಿನ ಒಂದು ಗೀರು ಸಾಕು ಅದು ಕಿತ್ತುಬರಲು. ನಮ್ಮ ಎರಡನೆಯ ಕುಕ್ಕರಿನದು ನಾನ್‌ಸ್ಟಿಕ್. ಅದಕ್ಕೆಂದೇ ಗೆರಟೆಯ ಸೌಟು ಇಟ್ಟಿದ್ದೇವೆ, ಅದರ ಒಳಗೇ ಅಕ್ಕಿ ತೊಳೆಯುವುದಿಲ್ಲ, ಎರಡೂವರೆ ವರ್ಷವಾದರೂ ಲೇಪನ ಹಾಗೇ ಇದೆ.

ಆ ಎರಡನೆಯ ಕುಕ್ಕರಿಗೆ ನ್ಯಾಯ ಸಲ್ಲಿಸಬೇಕು. ಕುಚ್ಚಲಕ್ಕಿಯಲ್ಲಿ ಅದು ಸೋತಿತೆಂದು ನಾನು ಅದನ್ನು ಬಿಜೈಗೆ ತಂದೆ; ಬೆಳ್ತಿಗೆಯಲ್ಲಿ ಅದರಷ್ಟು ನಂಬಿಕೆಯ ಪಾತ್ರೆ ನಮ್ಮ ಮನೆಯಲ್ಲಿ ಇನ್ನೊಂದಿಲ್ಲ. ಒಂದೂವರೆ ಲೋಟ ಅಕ್ಕಿ, ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು ನೀರು, ಅರ್ಧ ಗಂಟೆಯೊಳಗೆ ಗುಂಡಿ ಏಳುತ್ತದೆ. ಎದ್ದ ಕೂಡಲೇ ಮುಚ್ಚಳ ತೆಗೆಯದೆ ಹತ್ತು ನಿಮಿಷ ಬಿಟ್ಟರೆ ಮೇಲಿನ ಅಗುಳೂ ಕೆಳಗಿನ ಅಗುಳೂ ಒಂದೇ ಹದಕ್ಕೆ ಬರುತ್ತವೆ. ಹೊಸ ಅಕ್ಕಿಯಾದರೆ ನೀರು ಕಡಿಮೆ, ಹಳೆಯದಾದರೆ ಹೆಚ್ಚು ಎಂಬುದು ಇಲ್ಲೂ ಅನ್ವಯಿಸುತ್ತದೆ. ಗ್ಯಾಸ್ ಒಲೆಯ ಎರಡು ಉರಿಗಳೂ ಪಲ್ಯ, ಸಾಂಬಾರಿಗೆ ಬಿಡುವಾಗಿ ಸಿಗುವುದು, ಸೀಟಿ ಎಣಿಸುವ ಗೊಡವೆ ಇಲ್ಲದಿರುವುದು, ಇವು ದಿನವೂ ಒದಗುವ ಅನುಕೂಲಗಳು. ಜೊತೆಗೆ ಬರುವ ಹಬೆ ತಟ್ಟೆಯಲ್ಲಿ ನಾಲ್ಕು ಇಡ್ಲಿ ಆಗುತ್ತದೆ. ಎಲೆಯ ಕೊಟ್ಟೆಯಲ್ಲಿ ಹಿಟ್ಟು ಹೊಯ್ದು ಮಾಡುವ ಮೂಡೆಯನ್ನು ನಿಲ್ಲಿಸಿ ಬೇಯಿಸುವಷ್ಟು ಎತ್ತರ ಸಣ್ಣ ಕುಕ್ಕರಿಗಿಲ್ಲ, ಆ ಆಸೆಯಿಂದ ಕೊಳ್ಳುವುದು ಬೇಡ.

ಗುಂಡಿ ಎದ್ದ ತಕ್ಷಣ, ಅನ್ನ ಗಟ್ಟಿ ಎನಿಸಿ ಮತ್ತೆ ಒತ್ತಿದರೆ ಅದು ಕೆಳಗೆ ನಿಲ್ಲುವುದಿಲ್ಲ. ಕುಕ್ಕರ್ ಕೆಟ್ಟಿದೆ ಎಂದು ಕೆಲವರು ಗುಂಡಿಗೆ ಚಮಚ ಸಿಕ್ಕಿಸಿ ಒತ್ತಿಟ್ಟದ್ದನ್ನು ನಾನೇ ನೋಡಿದ್ದೇನೆ. ಹಾಗೆ ಮಾಡುವುದು ಬಹಳ ಅಪಾಯ. ತಳ ಇನ್ನೂ ಬಿಸಿಯಾಗಿರುವುದರಿಂದ ಅಯಸ್ಕಾಂತ ಹಿಡಿಯುತ್ತಿಲ್ಲ ಅಷ್ಟೇ. ಅರ್ಧ ಲೋಟ ಬಿಸಿನೀರು ಹಾಕಿ ಕೆಲವು ನಿಮಿಷ ಬಿಟ್ಟು ಒತ್ತಿದರೆ ಗುಂಡಿ ತಾನಾಗಿ ಕೆಳಗೆ ನಿಲ್ಲುತ್ತದೆ.

ಬೆಚ್ಚಗಿಡುವ ಸೌಲಭ್ಯವನ್ನು ಮಾರುವವರು ದೊಡ್ಡದಾಗಿ ಹೇಳುತ್ತಾರೆ. ಕರಾವಳಿಯ ಸೆಕೆಯಲ್ಲಿ ಅದರಿಂದ ಉಪಯೋಗವಿರುವುದು ನಿಜ, ಆದರೆ ಅದನ್ನು ಬಳಸುವ ರೀತಿ ತಿಳಿದಿರಬೇಕು. ಅಕ್ಕಿಯಲ್ಲಿ ಸಹಜವಾಗಿಯೇ ಇರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಣಗಳು ಕುದಿಯಲ್ಲೂ ಸಾಯುವುದಿಲ್ಲ. ಅನ್ನ 60 ಡಿಗ್ರಿಗಿಂತ ಕೆಳಗೆ ಗಂಟೆಗಟ್ಟಲೆ ಉಗುರುಬೆಚ್ಚಗೆ ಕುಳಿತರೆ ಅವು ಚಿಗುರಿ ವಿಷ ಉಂಟುಮಾಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಕುಕ್ಕರಿನ ಬೆಚ್ಚಗಿಡುವ ಬಿಸಿ ಸಾಮಾನ್ಯವಾಗಿ 60 ಡಿಗ್ರಿಗಿಂತ ಮೇಲಿರುವುದರಿಂದ ಪ್ಲಗ್ ಹಾಕಿಯೇ ಇದ್ದರೆ ಮಧ್ಯಾಹ್ನದ ಊಟದವರೆಗೆ ಅನ್ನಕ್ಕೆ ತೊಂದರೆಯಿಲ್ಲ. ಪ್ಲಗ್ ಕಿತ್ತು ಮುಚ್ಚಳ ಮುಚ್ಚಿ ಸಂಜೆಯವರೆಗೆ ಒಳಗೇ ಬಿಡುವುದು ಮಾತ್ರ ಕೂಡದು, ಏಕೆಂದರೆ ಕುಕ್ಕರಿನ ಗೋಡೆ ಅದನ್ನು ಬೇಗ ಆರಲು ಬಿಡದೆ ಆ ಅಪಾಯದ ಬಿಸಿಯಲ್ಲೇ ಹಿಡಿದಿಡುತ್ತದೆ. ಬೆಚ್ಚಗಿಡುವಾಗ ತಗಲುವ ವಿದ್ಯುತ್ತು 30ರಿಂದ 50 ವಾಟ್, ಹತ್ತು ಗಂಟೆ ಬಿಟ್ಟರೆ ಮತ್ತೊಮ್ಮೆ ಅನ್ನ ಮಾಡಿದಷ್ಟಾಗುತ್ತದೆ.

ವಿದ್ಯುತ್ತಿನ ಲೆಕ್ಕವನ್ನು ನಮ್ಮ ಮೆಸ್ಕಾಂ ಬಿಲ್ಲಿನ ಮೇಲೆಯೇ ಹಾಕಿ ನೋಡುವುದು ಒಳ್ಳೆಯದು. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್‌ವರೆಗೆ ಉಚಿತ ಎಂಬುದು ಎಲ್ಲರಿಗೂ ನೆನಪಿದೆ, ಆದರೆ ಆ ಉಚಿತ ನಿಂತಿರುವುದು ಮನೆಯ ಹಳೆಯ ತಿಂಗಳ ಸರಾಸರಿ ಮತ್ತು ಅದರ ಮೇಲೆ ಶೇಕಡಾ 10ರ ಮೇಲೆ ಎಂಬುದನ್ನು ಹಲವರು ಗಮನಿಸಿಲ್ಲ. ಸರಾಸರಿ 90 ಯೂನಿಟ್ ಇರುವ ಮನೆಗೆ 99 ಯೂನಿಟ್ ಉಚಿತ. ದಿನಕ್ಕೆ ಅರ್ಧ ಯೂನಿಟ್‌ನಂತೆ ಕುಕ್ಕರ್ ತಿಂಗಳಿಗೆ 15 ಯೂನಿಟ್ ಸೇರಿಸಿದರೆ ಬಳಕೆ 105 ಆಗುತ್ತದೆ, ಮೇಲಿನ 6 ಯೂನಿಟ್‌ಗೆ ಹಣ ಕಟ್ಟಬೇಕಾಗುತ್ತದೆ. ಮೊತ್ತ ದೊಡ್ಡದಲ್ಲ, ಸಿಲಿಂಡರಿನಲ್ಲಿ ಉಳಿಯುವ ಗ್ಯಾಸ್ ಅದನ್ನು ಸರಿದೂಗಿಸುತ್ತದೆ. ಆದರೆ 200ರ ಅಂಚಿನಲ್ಲಿರುವ ಮನೆಯವರು ಎಚ್ಚರದಿಂದಿರಬೇಕು, ಆ ಗಡಿ ದಾಟಿದರೆ ಪೂರ್ತಿ ಬಿಲ್ಲೇ ಬರುತ್ತದೆ.

ಮಳೆಗಾಲದಲ್ಲಿ ಕರೆಂಟು ಹೋಗಿ ಬರುವುದು ನಮ್ಮಲ್ಲಿ ನಿತ್ಯದ ಮಾತು. ಈ ವಿಷಯದಲ್ಲಿ ಒಂದು ಗುಂಡಿಯ ಸಾದಾ ಕುಕ್ಕರ್ ದುಬಾರಿ ಡಿಜಿಟಲ್ ಕುಕ್ಕರಿಗಿಂತ ಮೇಲು. ಅದರ ಗುಂಡಿಯನ್ನು ಹಿಡಿದಿಟ್ಟಿರುವುದು ಅಯಸ್ಕಾಂತವೇ ಆದ್ದರಿಂದ ನಡುವೆ ಕರೆಂಟು ಹೋದರೂ ಗುಂಡಿ ಕೆಳಗೇ ಇರುತ್ತದೆ, ಬಂದಾಗ ಬೇಯುವುದು ಮುಂದುವರಿಯುತ್ತದೆ. ಪರದೆ, ಟೈಮರ್, ಹತ್ತಾರು ಆಯ್ಕೆಗಳಿರುವ ಕೆಲವು ಕುಕ್ಕರ್‌ಗಳು ಕರೆಂಟು ಹೋದಾಗ ಎಲ್ಲಿದ್ದೆವೆಂಬುದನ್ನು ಮರೆತು ಬಂದಾಗ ಸುಮ್ಮನೆ ನಿಲ್ಲುತ್ತವೆ. ಗುಡುಗು ಸಿಡಿಲಿನ ದಿನಗಳಲ್ಲಿ ಒಳಗಿನ ಸರ್ಕ್ಯೂಟ್ ಸುಟ್ಟರೆ ದುರಸ್ತಿಯೂ ದುಬಾರಿ. ನೆನೆಸಿದ ಅಕ್ಕಿಗೆ ಟೈಮರ್ ಇಟ್ಟು ಬೆಳಗಿನ ಆರಕ್ಕೆ ಅನ್ನ ಸಿದ್ಧವಾಗಬೇಕೆನ್ನುವ ಉದ್ಯೋಗಸ್ಥರಿಗೆ ಅವು ಬೇಕಾಗಬಹುದು. ಹಿರಿಯರ ಮನೆಗೆ ಖಂಡಿತ ಬೇಡ.

ಕುಚ್ಚಲಕ್ಕಿಗೆ ವಿದ್ಯುತ್ ಕುಕ್ಕರೇ ಬೇಕೇ ಎಂದು ಕೇಳಿದರೆ, ಥರ್ಮಲ್ ಕುಕ್ಕರಿನ ಹೆಸರನ್ನು ಹೇಳದಿರಲಾರೆ. ಹತ್ತು ಹದಿನೈದು ನಿಮಿಷ ಒಲೆಯ ಮೇಲೆ ಕುದಿಸಿದ ಪಾತ್ರೆಯನ್ನು ಶಾಖ ಹಿಡಿದಿಡುವ ದೊಡ್ಡ ಡಬ್ಬದೊಳಗೆ ಇಟ್ಟು ಮುಚ್ಚಿದರೆ ಗಂಟೆಯೊಂದು ಕಳೆಯುವಷ್ಟರಲ್ಲಿ ಅನ್ನ ತಾನಾಗಿ ಬೆಂದಿರುತ್ತದೆ. ನಾಲ್ಕೈದು ಜನರ ಮನೆಗೆ ಅದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ. ಅಮ್ಮನ ಮನೆಗೆ ಅದನ್ನು ತರದಿರಲು ಕಾರಣ, ಕುದಿಯುವ ಪಾತ್ರೆಯನ್ನು ಒಲೆಯಿಂದ ಎತ್ತಿ ಆಳವಾದ ಡಬ್ಬಕ್ಕೆ ಇಳಿಸಬೇಕು, ಮತ್ತೆ ಅಲ್ಲಿಂದ ಎತ್ತಬೇಕು. ವಿದ್ಯುತ್ ಕುಕ್ಕರಿನಲ್ಲಿ ಪಾತ್ರೆ ಇಟ್ಟಲ್ಲಿಂದ ಕದಲುವುದಿಲ್ಲ.

ಪ್ಯಾನಾಸೋನಿಕ್, ಪ್ರೆಸ್ಟೀಜ್, ಬಜಾಜ್, ಪ್ರೀತಿ ಮುಂತಾಗಿ ಎರಡೂ ಊರುಗಳ ಅಂಗಡಿಗಳಲ್ಲಿ ಆಯ್ಕೆಗೆ ಕೊರತೆಯಿಲ್ಲ. ಹೆಸರಿಗಿಂತ ಮುಖ್ಯವಾಗಿ ಅಂಗಡಿಯವರನ್ನು ಕೇಳಬೇಕಾದ ಎರಡು ಪ್ರಶ್ನೆಗಳಿವೆ: ಒಳಪಾತ್ರೆ ಬೇರೆಯಾಗಿ ಸಿಗುತ್ತದೆಯೇ, ಮತ್ತು ಥರ್ಮಲ್ ಫ್ಯೂಸ್, ಬಿಲ್ಲೆಯಂಥ ಬಿಡಿಭಾಗ ಹಾಕಿ ಸರಿಮಾಡುವ ಸರ್ವಿಸ್ ಊರಲ್ಲೇ ಇದೆಯೇ. ಬಿಸಿ ತಟ್ಟೆ ಮತ್ತು ಪಾತ್ರೆಯ ತಳ ಎರಡನ್ನೂ ದಿನವೂ ಒಣಬಟ್ಟೆಯಿಂದ ಒರೆಸಬೇಕು. ನಡುವೆ ಒಂದೇ ಒಂದು ಅಗುಳು ಸಿಕ್ಕಿಕೊಂಡರೂ ಪಾತ್ರೆ ಓರೆಯಾಗಿ ಕುಳಿತು ಅನ್ನ ಒಂದು ಬದಿ ಬೆಂದು ಇನ್ನೊಂದು ಬದಿ ಬೇಯದೆ ಉಳಿಯುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಬಿಲ್ಲೆಯ ಸುತ್ತಲಿನ ಸಂದಿಯಲ್ಲಿ ತುಕ್ಕು ಕಾಣಿಸಿಕೊಳ್ಳುವುದರಿಂದ, ತೊಳೆದ ಪಾತ್ರೆಯನ್ನು ಹಸಿಯಾಗಿಯೇ ಒಳಗಿಡುವ ಅಭ್ಯಾಸವನ್ನು ಬಿಡಬೇಕು.

ಉಡುಪಿಯ ಅಂಗಡಿಯವರಿಗೆ ಹೇಳಿಟ್ಟಿದ್ದರಿಂದ ಹಿಡಿಯಿರುವ ಇನ್ನೊಂದು ಒಳಪಾತ್ರೆಯನ್ನು ಅವರು ಎರಡು ವಾರಗಳಲ್ಲಿ ತರಿಸಿಕೊಟ್ಟರು. ಈಗ ಬೆಳಗಿನ ಗಂಜಿನೀರು ಒಂದು ಪಾತ್ರೆಯಲ್ಲಿ ರಾತ್ರಿಯ ಊಟಕ್ಕೆಂದು ಫ್ರಿಜ್ ಸೇರುತ್ತದೆ, ಚಿಕ್ಕಮ್ಮನಿಗೆ ಬೇಕಾದ ಒಂದು ಹಿಡಿ ಬೆಳ್ತಿಗೆ ಅನ್ನಕ್ಕೆ ಇನ್ನೊಂದು ಪಾತ್ರೆ ಅದೇ ತಟ್ಟೆಯ ಮೇಲೆ ಕೂರುತ್ತದೆ.